ಗೆದ್ದವರ ಮನೆಗೊಂದು ಹೊತ್ತಿನ ಕೆಲಸ

ಚಂದ್ರಕ್ಕ ಹುಚ್ಚಕ್ಕನ ಮನೆ ಜಗಲಿಗೆ ಕೆಮ್ಮಣ್ಣು ಬಳಿಯುತ್ತಿದ್ದಳು. ಹಳೇ ಸೀರೆಯ ತುಂಡನ್ನು ಬೋಗುಣಿಯಲ್ಲಿ ಅದ್ದಿ, ಹಿಂಡಿ, ಎಡದಿಂದ ಬಲಕ್ಕೆ ಒಂದೇ ಸಮ ಎಳೆಯುತ್ತ ಹೋಗುತ್ತಿದ್ದಳು. ಒಳಗೆ ಹುಚ್ಚಕ್ಕನ ಸೊಸೆ ದುರುಗಕ್ಕ ರಾಗಿ ಕೇರುತ್ತಿದ್ದಳು. ಮೊರದ ಸದ್ದು, ಒದ್ದೆ ಬಟ್ಟೆಯ ಸದ್ದು, ಅಷ್ಟೇ. ಕಂಬದ ಬುಡಕ್ಕೊಂದು ಸುತ್ತು ಬಳಿದು ಚಂದ್ರಕ್ಕ ಎದ್ದಳು.

ಹುಚ್ಚಕ್ಕ ಹೊರಗೆ ಬಂದು ಜಗಲಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಕೈಯಲ್ಲಿ ಒಂದು ಅಚ್ಚು ಬೆಲ್ಲ ಇತ್ತು.

"ನಿಮ್ಮತ್ತೆ ಹಿಂಗೇ ಸೋಲ್ತಾ ಇರಲವ್ವ. ನಮ್ಮನೆ ಅರಮನೆ ಆಗ್ತೈತೆ."

ಚಂದ್ರಕ್ಕ ಬೆಲ್ಲವನ್ನು ಸೆರಗಿಗೆ ಕಟ್ಟಿಕೊಂಡು, ನಕ್ಕಂತೆ ಮಾಡಿ, ಮನೆ ಕಡೆ ನಡೆದಳು.

ಧರ್ಮಪುರದ ಆ ಬೀದಿಯ ಹೆಂಗಸರು ಚೌಕಾಬಾರಕ್ಕೆ ದುಡ್ಡು ಕಟ್ಟುತ್ತಿರಲಿಲ್ಲ. ದುಡ್ಡು ಕಟ್ಟಿದರೆ ಅದು ಜೂಜು, ಗಂಡಸರ ಚಾಳಿ. ಇವರದೇ ಬೇರೆ ಪಣ: ಸೋತ ಮನೆಯವರು ಗೆದ್ದ ಮನೆಗೆ ಒಂದು ಹೊತ್ತು ಕೆಲಸ ಮಾಡಿಕೊಡಬೇಕು. ಏನು ಕೆಲಸ ಅನ್ನುವುದು ಗೆದ್ದವರ ಇಷ್ಟ. ಯಾವ ಕಾಲದಲ್ಲಿ ಯಾರು ಮಾಡಿದ ಕಟ್ಟಳೆಯೋ, ಕೇಳಲಿಕ್ಕೆ ನ್ಯಾಯವಾಗಿಯೇ ಇತ್ತು. ನಡೆಯುವಾಗ ಮಾತ್ರ ಕವಡೆ ಹಾಕಿ ಸೋಲುವವರು ಅತ್ತೆಯರು, ಸೊಂಟ ಬಗ್ಗಿಸಿ ತೀರಿಸುವವರು ಸೊಸೆಯರು.

ಚಂದ್ರಕ್ಕನ ಅತ್ತೆ ಬೋರಕ್ಕನಿಗೆ ಈ ಆಟದ ಮುಂದೆ ಊಟ ಬೇಡ, ನಿದ್ದೆ ಬೇಡ. ಮಧ್ಯಾಹ್ನದ ಮುದ್ದೆ ಗಂಟಲಿಂದ ಇಳಿಯುವ ಮೊದಲೇ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಸೀರೆ ಗಂಟಿನಿಂದ ನಾಲ್ಕು ಕವಡೆ ಬಿಚ್ಚಿ, "ಹುಚ್ಚಕ್ಕಾ" ಎಂದು ಕೂಗಿದರೆ ಬೀದಿಯ ಕೊನೆಯ ಮನೆಯ ನಾಯಿಯೂ ಎದ್ದು ಕೂರುತ್ತಿತ್ತು. ಆಡುವುದೇನೂ ಕೆಟ್ಟದಾಗಿ ಆಡುತ್ತಿರಲಿಲ್ಲ. ಎರಡು ಸಲ ಸೋತರೆ ಒಂದು ಸಲ ಗೆಲ್ಲುತ್ತಿದ್ದಳು. ಆದರೆ ಗೆದ್ದಾಗ ಕೇಳುತ್ತಿದ್ದುದು ಒಂದೇ. ಹುಚ್ಚಕ್ಕ ತನ್ನ ಕೈಯಾರೆ ಬೋರಕ್ಕನ ತಲೆಗೆ ಹರಳೆಣ್ಣೆ ತಟ್ಟಬೇಕು, ಅದೂ ಬೀದಿ ಬಾಗಿಲಲ್ಲಿ, ನಾಲ್ಕು ಜನ ಓಡಾಡುವಾಗ. ಹೀಗಾಗಿ ಹುಚ್ಚಕ್ಕನ ಮನೆ ಜಗಲಿ ಕೆಂಪಗೆ ಹೊಳೆಯುತ್ತಿತ್ತು, ಬೋರಕ್ಕನ ತಲೆ ಕಪ್ಪಗೆ ಹೊಳೆಯುತ್ತಿತ್ತು.

ಇದಷ್ಟೇ ಆಗಿದ್ದರೆ ಚಂದ್ರಕ್ಕ ಬಾಯಿ ಬಿಡುವವಳಲ್ಲ. ಅವಳ ಸಂಕಟ ಹಿತ್ತಲಲ್ಲಿತ್ತು.

ಹೋದ ವರ್ಷ ರಸ್ತೆಗೆ ಟಾರು ಹಾಕಿದ ಮೇಲೆ ಹಿರಿಯೂರಿನ ಬಸ್ಸು ನಿಲ್ಲುವ ಜಾಗ ಇವರ ಹಿತ್ತಲ ಬೇಲಿಯ ಆಚೆಗೆ ಬಂದಿತ್ತು. ಹಿತ್ತಲಲ್ಲಿ ಬಚ್ಚಲು ಅಂದರೆ ತೆಂಗಿನ ಗರಿಯ ಮೂರು ತಟ್ಟಿ, ಒಂದು ಹಂಡೆ, ಕಾಲಡಿಗೆ ಎರಡು ಕಲ್ಲು. ನೆಲದ ಮೇಲೆ ನಡೆಯುವವರಿಗೆ ತಟ್ಟಿ ಸಾಕಾಗಿತ್ತು. ಬಸ್ಸಿನ ತಲೆ ಮೇಲೆ ಮೂಟೆ, ಕೋಳಿಪುಟ್ಟಿಗಳ ಜೊತೆ ಕೂತು ಬರುವವರಿಗೆ ಅದು ಯಾವ ಲೆಕ್ಕ? ಒಂದು ದಿನ ಚಂದ್ರಕ್ಕ ಮೈಗೆ ಇನ್ನೇನು ನೀರು ಹುಯ್ದುಕೊಳ್ಳಬೇಕು, ಮೇಲಿನಿಂದ ಯಾರೋ ತುಂಬ ಮರ್ಯಾದೆಯಿಂದ ಕೂಗಿದರು: "ಅಕ್ಕಾ, ನಿಮ್ಮ ಹಂಡೆ ತೂತಾಗೈತೆ. ನೀರೆಲ್ಲ ಒಲಿಗೆ ಹೋಗ್ತೈತೆ ನೋಡ್ರಿ."

ಹಂಡೆ ನಿಜವಾಗಿಯೂ ತೂತಾಗಿತ್ತು. ಮಾವ ತಿಪ್ಪಯ್ಯ ಅದಕ್ಕೆ ಬೆಸುಗೆ ಹಾಕಿಸಿಕೊಂಡು ಬಂದು, ಈ ಕಥೆಯನ್ನು ಹೋಟೆಲಿನಲ್ಲಿ ವಾರಗಟ್ಟಲೆ ಹೇಳಿದ. ಚಂದ್ರಕ್ಕ ಅಂದಿನಿಂದ ಹಗಲಲ್ಲಿ ಸ್ನಾನ ಬಿಟ್ಟಳು. ಮೊದಲ ಬಸ್ಸಿಗಿಂತ ಮುಂಚೆ ಎದ್ದು, ಒಲೆ ಹೊತ್ತಿಸಿದರೆ ಬೆಳಕಿಗೆ ಕಾಣುತ್ತದೆಂದು, ತಣ್ಣೀರನ್ನೇ ಹುಯ್ದುಕೊಂಡು ನಡುಗುತ್ತ ಒಳಗೆ ಓಡುತ್ತಿದ್ದಳು. ತಲೆಗೆ ಹುಯ್ದುಕೊಂಡ ದಿನ ಕೂದಲು ಆರುವುದರೊಳಗೆ ನೆಗಡಿ ಬರುತ್ತಿತ್ತು. ನಾಲ್ಕು ಗೋಡೆ, ಒಂದು ಬಾಗಿಲು. ಅವಳಿಗೆ ಬೇಕಾದದ್ದು ಅಷ್ಟು.

ಅವತ್ತು ರಾತ್ರಿ ಊಟಕ್ಕೆ ಹುರುಳಿಕಾಳಿನ ಸಾರು, ಮುದ್ದೆ. ಗಂಡ ಚಿಕ್ಕತಿಮ್ಮಪ್ಪ ಕಡ್ಲೆಕಾಯಿ ಮಿಲ್ಲಿನಿಂದ ಬಂದು, ಕಿವಿಯೊಳಗಿನ ಸಿಪ್ಪೆ ಧೂಳು ತೊಳೆದು, ತಟ್ಟೆ ಮುಂದೆ ಕೂತ. ಚಂದ್ರಕ್ಕ ಸಾರು ಬಿಡುತ್ತ, ಸಾರಿಗೇ ಹೇಳುವಂತೆ ಹೇಳಿದಳು.

"ಬಚ್ಚಲಿಗೊಂದು ಗೋಡೆ ಅಂದಿದ್ರಿ."

"ಅಂದಿದ್ದೆ," ಅಂದ ಚಿಕ್ಕತಿಮ್ಮಪ್ಪ. "ಕಲ್ಲಿಗೇನು, ಬಿದ್ದೋದ ಕೊಟ್ಟಿಗೆದು ರಾಶಿ ಐತೆ. ಆಳೆಲ್ಲೈತೆ? ಸೀಜನ್ನು ಮುಗಿಯಗಂಟ ಮಿಲ್ಲಲ್ಲಿ ರಜ ಕೇಳಂಗಿಲ್ಲ. ಅಪ್ಪನ ಮಂಡಿ ನೋಡಿದ್ರೆ ಹಂಗೈತೆ."

"ಆಳಿಗೇನಪ್ಪ ಬರ?" ಅಂದ ತಿಪ್ಪಯ್ಯ, ಮುದ್ದೆ ಮುರಿಯುತ್ತ. "ನಮ್ಮನೆ ಆಳು ಇವತ್ತು ಹುಚ್ಚಕ್ಕನ ಜಗಲಿ ಬಳ್ದು ಬಂತು. ಹೋದ ವಾರ ಅವರ ಹುಣಸೆಹಣ್ಣು ಕುಟ್ಟಿ ಬಂತು. ಅದಕ್ಕೂ ಮುಂಚೆ ಅವರ ಕಣ ಸಾರಿಸ್ತು. ನಿಮ್ಮವ್ವ ಆಡಿರೋ ಆಟಕ್ಕೆ ಇಷ್ಟೊತ್ತಿಗೆ ಒಂದು ಛತ್ರ ಕಟ್ಟಬಹುದಾಗಿತ್ತು."

ಬೋರಕ್ಕ ಕೈ ನಿಲ್ಲಿಸಿದಳು. "ನಾನು ಗೆದ್ದೇ ಇಲ್ವಾ ಹಂಗಾದ್ರೆ?"

"ಗೆದ್ದಿದ್ದು ಕಾಣ್ತೈತಲ್ಲ, ತಲೆ ಮ್ಯಾಲೆ. ನೊಣ ಕುಂತ್ರೆ ಜಾರಿ ಬೀಳ್ತೈತೆ."

ಚಿಕ್ಕತಿಮ್ಮಪ್ಪನಿಗೆ ನಗು ಬಂದು ಸಾರು ನೆತ್ತಿಗೇರಿತು. ಚಂದ್ರಕ್ಕ ನಗಲಿಲ್ಲ, ನಗಬಾರದೆಂದು ಒಲೆಯ ಕಡೆ ತಿರುಗಿದಳು. ಆದರೆ ಅವಳ ಬೆನ್ನು ಅಲುಗಿದ್ದು ಬೋರಕ್ಕನಿಗೆ ಕಂಡಿತು.

"ನಲವತ್ತು ವರ್ಸ ಈ ಮನೇಲಿ ಕಲ್ಲು ಬೀಸಿದೀನಿ," ಅಂದಳು ಬೋರಕ್ಕ. "ಈಗ ಮಧ್ಯಾಹ್ನ ಒಂದು ಗಳಿಗೆ ಕುಂತ್ರೆ ಎಲ್ಲರ ಕಣ್ಣಿಗೂ ಬಿತ್ತು. ಆಯ್ತು ಬಿಡ್ರಿ, ನಾಳೆಯಿಂದ ಆಡಲ್ಲ." ಕವಡೆ ಗಂಟನ್ನು ಬಿಚ್ಚಿ ಸೊಸೆಯ ಮುಂದೆ ಇಟ್ಟು, ಮಜ್ಜಿಗೆ ಮುದ್ದೆ ಉಣ್ಣದೆ ಎದ್ದಳು.

ಮಾತಿನಂತೆ ನಡೆದುಕೊಂಡಳು. ಅಲ್ಲಿಂದ ಮನೆಯವರ ಕಷ್ಟ ಶುರುವಾಯಿತು. ಆಟವಿಲ್ಲದ ಬೋರಕ್ಕ ಅಡುಗೆಮನೆಗೆ ಬಂದು ಕೂತಳು. ತೊಳೆದಿಟ್ಟ ಪಾತ್ರೆ ಮತ್ತೆ ತೊಳೆದಳು. ಒಲೆಯಿಂದ ಸೌದೆ ಹಿಂದಕ್ಕೆ ಎಳೆದಳು, ಮತ್ತೆ ಒಳಕ್ಕೆ ತಳ್ಳಿದಳು. ಚಂದ್ರಕ್ಕ ಉಪ್ಪು ಹಾಕಿ ಮುಖ ತಿರುಗಿಸಿದರೆ ಇವಳೂ ಒಂದು ಹಿಡಿ ಹಾಕಿದಳು.

ತಿಪ್ಪಯ್ಯ ಸಾರು ಬಾಯಿಗಿಟ್ಟು ಚೊಂಬಿಗೆ ಕೈ ಹಾಕಿದ. ಎರಡು ಲೋಟ ನೀರು ಕುಡಿದ.

"ಏನು, ರುಚಿ ಇಲ್ವಾ?" ಅಂದಳು ಬೋರಕ್ಕ.

"ರುಚಿ ಜಾಸ್ತಿ ಐತೆ."

ಆಮೇಲೆ ಸೊಸೆ ಹಿತ್ತಲಿಗೆ ಬಂದಾಗ ಬೇಲಿ ಪಕ್ಕ ನಿಂತಿದ್ದ ತಿಪ್ಪಯ್ಯ ಸಣ್ಣ ದನಿಯಲ್ಲಿ ಅಂದ: "ತಾಯಿ, ಆ ಕವಡೆ ಅವಳ ಕೈಗೆ ಕೊಟ್ಬಿಡು. ಛತ್ರದ ಮಾತು ನಂದೇ ತಪ್ಪು."

ಚಂದ್ರಕ್ಕನೂ ಅದೇ ಯೋಚನೆಯಲ್ಲಿದ್ದಳು. ಅವಳು ಮಾತಾಡುವವಳಲ್ಲ, ನೋಡುವವಳು. ಜಗಲಿಯ ಬಾಗಿಲ ಸಂದಿನಿಂದ ಎಷ್ಟೋ ಮಧ್ಯಾಹ್ನ ಈ ಆಟ ನೋಡಿದ್ದಳು. ಅತ್ತೆಗೆ ಆಟಕ್ಕಿಂತ ಹುಚ್ಚಕ್ಕನ ಕೈ ತನ್ನ ತಲೆ ಮೇಲೆ ಬೀಳುವುದೇ ದೊಡ್ಡದು ಅನ್ನುವುದೂ ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಕವಡೆ ಗಂಟನ್ನು ತಂದು ಅತ್ತೆಯ ಮಡಿಲಲ್ಲಿ ಇಟ್ಟಳು.

"ಆಡ್ರಿ ಅತ್ತೆ."

"ಯಾಕೆ? ನಿಮ್ಮಾವ ಛತ್ರ ಕಟ್ಟಬೇಕಂತೆ."

"ಛತ್ರ ಬ್ಯಾಡ. ಗೆದ್ದಾಗ ಎಣ್ಣೆ ಬದ್ಲು ಬಚ್ಚಲಿಗೆ ಕೆಲ್ಸ ಕೇಳ್ರಿ." ಇಷ್ಟು ಹೇಳುವುದರೊಳಗೆ ಅವಳ ಕಿವಿ ಕೆಂಪಾಯಿತು. "ಎಣ್ಣೆ ನಾನು ಹಚ್ತೀನಿ. ಬೀದಿ ಬಾಗ್ಲಲ್ಲೇ."

ಬೋರಕ್ಕ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಹುಚ್ಚಿ ಹಚ್ಚಿದಂಗೆ ಆಗ್ತೈತಾ ಅದು?" ಅಂದಳು. ಆದರೂ ಕವಡೆಯನ್ನು ಸೀರೆಗೆ ಕಟ್ಟಿಕೊಂಡಳು.

ಆಟ ಮತ್ತೆ ನಡೆಯಿತು, ಬೋರಕ್ಕ ಸೋತಳು. ಮರುದಿನವೂ ಸೋತಳು. ಅದರ ಮರುದಿನವೂ. ಇಷ್ಟು ವರ್ಷ ಹುಡುಗಾಟಕ್ಕೆ ಆಡಿದವಳು ಈಗ ಬಚ್ಚಲಿಗಾಗಿ ಆಡುತ್ತಿದ್ದಳು, ಕಾಯಿ ಹೋದೀತೆಂದು ಹೆದರಿ ಹೆದರಿ ನಡೆಸುತ್ತಿದ್ದಳು. ಮನೆ ಬರೆದ ಚೌಕದಲ್ಲಿ ನಾಲ್ಕೂ ಕಡೆ ಅಡ್ಡಗೀಟು ಹಾಕಿದ ಒಂದೊಂದು ಕಟ್ಟೆ ಇರುತ್ತದೆ. ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಬೋರಕ್ಕನ ಕಾಯಿ ಕಟ್ಟೆಯಿಂದ ಏಳುತ್ತಲೇ ಇರಲಿಲ್ಲ. ಅಷ್ಟರೊಳಗೆ ಹುಚ್ಚಕ್ಕನ ಕಾಯಿಗಳೆಲ್ಲ ಸುತ್ತು ಮುಗಿಸಿ ನಡುಮನೆ ಸೇರಿ ಹಣ್ಣಾಗುತ್ತಿದ್ದವು. ಚಂದ್ರಕ್ಕ ಹುಚ್ಚಕ್ಕನ ಹಿತ್ತಲ ಗೋಡೆ ಬಳಿದಳು, ಕಡ್ಲೆಕಾಯಿ ಸುಲಿದಳು, ಕಂಬಳಿ ಒಗೆದಳು. ಒಗೆಯುವಾಗ ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದ ದುರುಗಕ್ಕ ಪಿಸುಗುಟ್ಟಿದಳು.

"ನಿಮ್ಮತ್ತೆ ಗೆಲ್ಲೋದು ಯಾವಾಗಕ್ಕಾ? ನಾನೂ ಒಂದಿನ ಮನೆ ಬಿಟ್ಟು ಹೊರಗೆ ಬರಬೇಕು."

"ಬಂದ್ರೆ ಮಣ್ಣು ತುಳಿಸ್ತಾರೆ ನಿನ್ನ ಕೈಲಿ."

"ತುಳಿತೀನಿ. ಇಲ್ಲಿ ರಾಗಿ ಕೇರೋದಕ್ಕಿಂತ ವಾಸಿ."

ಇಬ್ಬರೂ ನಕ್ಕರು. ಕಂಬಳಿ ಕೈತಪ್ಪಿ ಮಣ್ಣಿಗೆ ಬಿತ್ತು, ಮತ್ತೆ ಒಗೆದರು.

ನಾಲ್ಕನೆಯ ದಿನ ತಿಪ್ಪಯ್ಯನಿಗೆ ತಡೆಯಲಾಗಲಿಲ್ಲ. ಆಟವನ್ನು ಹಗಲೆಲ್ಲ ಬೈಯುವ ಮನುಷ್ಯ ಬಾಗಿಲಿಗೆ ಒರಗಿ ನಿಂತು, ಬೀಡಿಯ ಬೂದಿ ಕೊಡವುತ್ತ ಹೇಳಿದ: "ಲೇ ಬೋರಿ, ಕಟ್ಟೆ ಮ್ಯಾಲೆ ಕುಂತು ಪಂಚಾಯ್ತಿ ಮಾಡ್ತಿದೀಯಾ? ಎದ್ದು ಹೋಗೇ."

"ಗಂಡಸರು ಬಾಯಿ ಹಾಕಂಗಿಲ್ಲ," ಅಂದಳು ಹುಚ್ಚಕ್ಕ.

"ನಾನು ನನ್ನ ಹೆಂಡ್ತಿಗೆ ಬೈದೆ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

ಬೋರಕ್ಕ ಗಂಡನ ಮೇಲಿನ ಸಿಟ್ಟಿಗೆ ಕವಡೆ ಬಿಸಾಡಿದಳು. ನಾಲ್ಕೂ ಬೋರಲು ಬಿದ್ದವು, ಬಾರ. ಎಂಟು ಮನೆ ನಡೆಸಿ, ಕೈಗೆ ಸಿಕ್ಕ ಹುಚ್ಚಕ್ಕನ ಕಾಯಿಯನ್ನು ಹೊಡೆದಳು. ಹೊಡೆದದ್ದಕ್ಕೆ ಇನ್ನೊಂದು ಕೈ. ನಾಲ್ಕೂ ಅಂಗಾತ ಬಿದ್ದವು, ಚೌಕ. ಮತ್ತೊಂದು ಕಾಯಿ ಹೊಡೆದಳು. ಹುಚ್ಚಕ್ಕ ತನ್ನ ಬಳೆಚೂರಿನ ಕಾಯಿಗಳನ್ನು ಎತ್ತಿ ಮೊದಲ ಮನೆಗೆ ಇಡುತ್ತ, "ಇವತ್ತೇನು ತಿಂದು ಬಂದೀಯ?" ಅಂದಳು. ಹೊತ್ತು ಇಳಿಯುವುದರೊಳಗೆ ಬೋರಕ್ಕನ ಕಾಯಿಗಳೆಲ್ಲ ಹಣ್ಣಾದವು.

ಹುಚ್ಚಕ್ಕ ನಿಟ್ಟುಸಿರಿಟ್ಟು ಸೆರಗು ಸಿಕ್ಕಿಸಿದಳು. "ತಗಂಬಾ ಎಣ್ಣೆ."

ಬೋರಕ್ಕ ತಲೆ ಕೆರೆದುಕೊಂಡಳು. ಬಾಗಿಲ ಸಂದಿನಲ್ಲಿ ಚಂದ್ರಕ್ಕ ನಿಂತಿದ್ದಳು.

"ಎಣ್ಣೆ ಬ್ಯಾಡ," ಅಂದಳು ಬೋರಕ್ಕ. "ನಾಳೆ ನಿನ್ನ ಮಕ್ಕಳಿಬ್ಬರನ್ನೂ ಸೊಸೇನೂ ಕಳಿಸು. ಕೊಟ್ಟಿಗೆ ಕಲ್ಲು ಹಿತ್ತಲಿಗೆ ಹೊರಬೇಕು. ಬಚ್ಚಲು ಕಟ್ತೀವಿ."

"ಬಚ್ಚಲಾ? ಬಸ್ಸಿನ ಮ್ಯಾಗಿನೋರು ಇನ್ನು ಏನು ನೋಡ್ಕಂಡು ಹೋಗ್ಬೇಕು ಪಾಪ?"

"ನಿನ್ನ ಜಗಲಿ ನೋಡ್ಕಂಡು ಹೋಗ್ಲಿ. ನನ್ನ ಸೊಸೆ ಬಳ್ದಿರೋದು."

ಅಲ್ಲಿಂದ ಬೋರಕ್ಕನ ಕೈ ಕುದುರಿತು. ಸೋಲಿರಲಿಲ್ಲವೆಂದಲ್ಲ, ಆದರೆ ಗೆದ್ದದ್ದೆಲ್ಲ ಹಿತ್ತಲಿಗೆ ಬಿತ್ತು. ಒಂದು ಗೆಲುವಿಗೆ ಕಲ್ಲು ಬಂತು, ಒಂದು ಗೆಲುವಿಗೆ ಕೆರೆಯ ಮಣ್ಣು ಬಂತು. ದುರುಗಕ್ಕ ಸೀರೆ ಎತ್ತಿಕಟ್ಟಿ ಮಣ್ಣು ತುಳಿದಳು, ಚಂದ್ರಕ್ಕ ನೀರು ಹುಯ್ದಳು. ಇಬ್ಬರೂ ತವರಿನ ಸುದ್ದಿ ಮಾತಾಡಿ ಮಾತಾಡಿ ಮಣ್ಣು ಬೆಣ್ಣೆಯಂತಾಯಿತು.

ಗೋಡೆ ಏರಿಸಲು ಜಂಬಣ್ಣ ಬಂದ. ಊರಿನ ಒಳ್ಳೆಯ ಕಲ್ಲುಕೆಲಸದವ, ಆದರೆ ಕಿವಿ ಜಗಲಿ ಕಡೆಗೇ. ಅಲ್ಲಿಂದ "ಬಾರ" ಅನ್ನುವ ಕೂಗು ಬಂದರೆ ಕರಣೆ ಕೆಳಗಿಟ್ಟು ಓಡುತ್ತಿದ್ದ. "ಯಾರು ಹೊಡೆದ್ರು? ಯಾರು ಹೊಡೆದ್ರು?" ಎಂದು ಕೇಳಿ, ನಿಂತು ಒಂದು ಸುತ್ತು ನೋಡಿ, ಬರುವಷ್ಟರಲ್ಲಿ ಕಲಸಿದ ಮಣ್ಣು ಬಿರುಸಾಗಿರುತ್ತಿತ್ತು.

"ಜಂಬಣ್ಣ, ಗೋಡೆ ಹೊಟ್ಟೆ ಬಿಟ್ಟೈತಲ್ಲ," ಅಂದ ಚಿಕ್ಕತಿಮ್ಮಪ್ಪ, ಭಾನುವಾರ ಬಿಡುವಾಗಿ ನೋಡಿದಾಗ.

"ಅದು ನಿಮ್ಮವ್ವ ಬಾರ ಹಾಕಿದ ದಿನದ ಸಾಲು ಕಣಪ್ಪ. ಮ್ಯಾಲೆ ಸರಿ ಮಾಡ್ತೀನಿ."

ಮೇಲೆ ಸರಿ ಮಾಡಿದ. ಚಿಕ್ಕತಿಮ್ಮಪ್ಪನಿಗೂ ಈಗ ಹುರುಪು ಬಂದಿತ್ತು. ಮಿಲ್ಲಿನಲ್ಲಿ ಮೂಟೆ ಇಳಿಸುವ ಕಡೆ ಹಾಸಿದ್ದ ಹಳೇ ಕಡಪ ಕಲ್ಲುಗಳನ್ನು ಕೀಳಿಸಿ ಸಿಮೆಂಟು ಹಾಕಿಸುತ್ತಿದ್ದರು. ಸಾಹುಕಾರರನ್ನು ಕೇಳಿ, ಅದರಲ್ಲಿ ದೊಡ್ಡದೊಂದನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ವರ್ಷಾನುಗಟ್ಟಲೆ ಮೂಟೆ ಎಳೆದೂ ಎಳೆದೂ, ಕಡ್ಲೆಕಾಯಿಯ ಎಣ್ಣೆ ಕುಡಿದೂ ಕುಡಿದೂ ಆ ಕಲ್ಲು ಕರಿ ಎಮ್ಮೆಯ ಬೆನ್ನಿನಂತೆ ಮಿರುಗುತ್ತಿತ್ತು. ಗಾಡಿಯಿಂದ ಇಳಿಸಿದಾಗ ಬೋರಕ್ಕ ಅದರ ಮೇಲೆ ಅಂಗೈ ಆಡಿಸಿದಳು.

"ಏನು ನುಣುಪೈತೆ," ಅಂದಳು, ಮತ್ತೊಂದು ಸಲ ಆಡಿಸಿದಳು.

ಬಚ್ಚಲು ಮುಗಿಯಿತು. ಹೆಂಚಿನ ಮಾಡು, ಹಂಡೆಗೊಂದು ಒಲೆ, ಗೋಡೆ ಮೇಲ್ಗಡೆ ಅಂಗೈಯಗಲದ ಬೆಳಕಿಂಡಿ, ಒಳಗಿನಿಂದ ಅಗುಳಿ ಹಾಕುವ ಹಲಗೆ ಬಾಗಿಲು. ಹಿರಿಯಳೆಂದು ಮೊದಲ ನೀರು ಬೋರಕ್ಕನದಾಯಿತು. ಮಾರನೆಯ ದಿನ ಚಂದ್ರಕ್ಕನದು.

ಅವಳು ಬೇಕೆಂದೇ ಹತ್ತು ಗಂಟೆಯ ಬಸ್ಸಿನ ಹೊತ್ತಿಗೆ ಹೋದಳು. ಒಲೆ ಧಗಧಗ ಉರಿಯುತ್ತಿತ್ತು. ಅಗುಳಿ ಹಾಕಿ, ಎಳೆದು ನೋಡಿ, ಕೂದಲು ಬಿಚ್ಚಿದಳು. ಬೇಲಿಯಾಚೆ ಬಸ್ಸು ಬಂದು ನಿಂತ ಸದ್ದು, ಕಂಡಕ್ಟರು ಕೂಗಿದ ಸದ್ದು, ತಲೆ ಮೇಲಿನ ಕೋಳಿಗಳ ಸದ್ದು, ಯಾರೋ ಇನ್ನೊಬ್ಬರ ಮೂಟೆಗೆ ಬೈದದ್ದು, ಎಲ್ಲ ಕೇಳುತ್ತಿತ್ತು. ಚಂದ್ರಕ್ಕ ಬಿಸಿನೀರನ್ನು ಒಂದು ಚೊಂಬು ನೆತ್ತಿಗೆ ಹುಯ್ದುಕೊಂಡಳು, ಬಸ್ಸು ಹೊರಡುವತನಕ ಸುಮ್ಮನೆ ಕೂತಳು, ಇನ್ನೊಂದು ಹುಯ್ದುಕೊಂಡಳು. ಹಂಡೆ ಖಾಲಿಯಾಗುವತನಕ ಎದ್ದು ಬರಲಿಲ್ಲ. ಬಿಸಿಲಲ್ಲಿ ಕೂದಲು ಹರವಿಕೊಂಡು ಕೂತವಳನ್ನು ನೋಡಿ ತಿಪ್ಪಯ್ಯ, "ನಮ್ಮನೇಲಿ ನೀರಿನ ಆಳೂ ಬೇಕಾಗ್ತೈತೆ ಇನ್ನು," ಅಂದ. ಅವಳು ಮೊದಲ ಸಲ ಮಾವನ ಮುಂದೆ ಹಲ್ಲು ಕಾಣುವಂತೆ ನಕ್ಕಳು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಜಗಲಿಯ ಮೇಲೆ ಮಧ್ಯಾಹ್ನ ಕೂತರೆ ಕಾದ ಹೆಂಚಿನ ಮೇಲೆ ಕೂತಂತೆ. ಒಂದು ದಿನ ಚಂದ್ರಕ್ಕ ಪಾತ್ರೆ ತೊಳೆದು ಬರುವಾಗ ಜಗಲಿ ಖಾಲಿ. ನಗು ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು. ಹಿತ್ತಲಿಗೆ ಬಂದು ನೋಡಿದರೆ ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದ ಮನೆ, ಒಂದು ಕಡೆ ಬೋರಕ್ಕ, ಎದುರಿಗೆ ಹುಚ್ಚಕ್ಕ, ಹಂಡೆಗೆ ಒರಗಿ ದುರುಗಕ್ಕ.

"ಬಾರೇ," ಅಂದಳು ಬೋರಕ್ಕ. "ಏನು ತಂಪೈತೆ ಇಲ್ಲಿ. ಕವಡೆ ಬಿದ್ರೆ ನಾಣ್ಯ ಬಿದ್ದಂಗೆ ಸದ್ದು. ಇಂಥ ಕಲ್ಲನ್ನ ಬರೀ ನೀರು ಹುಯ್ಯಾಕೆ ಬಿಡದಾ?"

"ನನ್ನ ಮಕ್ಕಳು ಹೊತ್ತ ಗೋಡೆ," ಅಂದಳು ಹುಚ್ಚಕ್ಕ. "ನಂಗೂ ಪಾಲೈತೆ."

ಚಂದ್ರಕ್ಕ, ಬೆಳಗ್ಗೆ ತನ್ನ ಸ್ನಾನ, ಮಧ್ಯಾಹ್ನ ಅವರ ಆಟ, ನಡೆಯಲಿ ಅಂದುಕೊಂಡಳು. ಆದರೆ ಬೆಳಗ್ಗೆ ನೀರು ಹುಯ್ದರೆ ಬರೆದ ಮನೆ ಅಳಿಸಿ ಹೋಗುತ್ತಿತ್ತು, ಮಧ್ಯಾಹ್ನ ಮತ್ತೆ ಬರೆಯುವುದು ಬೋರಕ್ಕನಿಗೆ ಬೇಸರ. ಜಂಬಣ್ಣನನ್ನು ಒಂದು ಆಟಕ್ಕೆ ಕೂರಿಸಿಕೊಂಡಳು. ಅವನು ಕುಣಿಯುತ್ತ ಬಂದು, ಕುಣಿಯುತ್ತ ಸೋತ. ಪಣವಾಗಿ ಉಳಿ ಸುತ್ತಿಗೆ ತಂದು, ಕಲ್ಲಿನ ಮೇಲೆ ಗೀಟು ಎಳೆದಂತೆ ಚೌಕಾಬಾರದ ಮನೆ ಕೆತ್ತಿದ. ನಾಲ್ಕು ಕಟ್ಟೆಗೂ ಚೆಂದದ ಅಡ್ಡಗೀಟು, ನಡುಮನೆಗೆ ಒಂದು ಹೂವು.

ಚಿಕ್ಕತಿಮ್ಮಪ್ಪ ಸಂಜೆ ಬಂದು ನೋಡಿ ತಲೆ ಮೇಲೆ ಕೈ ಹೊತ್ತ. "ಅವ್ವ, ಇದು ಬಚ್ಚಲಾ, ದೇವಸ್ಥಾನವಾ?"

"ನೀರು ನಿಲ್ಲಲ್ಲ, ಇಳಿಜಾರು ಬಿಟ್ಟೇ ಕೆತ್ತಿದಾನೆ," ಅಂದಳು ಬೋರಕ್ಕ. "ನಿನ್ನ ಹೆಂಡ್ತಿ ಕುಂತ್ರೆ ಜಾರೋದೂ ಇಲ್ಲ ಈಗ."

ಅದೂ ನಿಜವೇ ಆಗಿತ್ತು. ಅದಾದ ಮೇಲೆ ಆಟಕ್ಕೆ ಮಧ್ಯಾಹ್ನ ಅನ್ನುವ ನೇಮ ತಪ್ಪಿತು. ಬಿಸಿಲು ಏರಿದಷ್ಟೂ ಆಟ ಬೇಗ ಕೂರತೊಡಗಿತು. ಆಟ ನೋಡಲು ಬರುವ ಗಂಡಸರು ಕಣ್ಣು ಹಾಕುತ್ತಾರೆಂದು ಹುಚ್ಚಕ್ಕ ಒಳಗಿನಿಂದ ಅಗುಳಿ ಹಾಕಿಸಿದಳು.

ಯುಗಾದಿ ಹಿಂದಿನ ದಿನ. ಮನೆಯೆಲ್ಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಚಂದ್ರಕ್ಕನ ಮೈತುಂಬ ಸುಣ್ಣದ ಹನಿ. ಬೆಳಗ್ಗೆಯೇ ಹಂಡೆ ತುಂಬ ನೀರು ಕಾಯಿಸಿಟ್ಟಿದ್ದಳು. ಸೀರೆ, ಸೀಗೆಪುಡಿ ಹಿಡಿದು ಹಿತ್ತಲಿಗೆ ಬಂದರೆ ಬಾಗಿಲು ಭದ್ರ. ಒಳಗೆ ಕವಡೆ ಉರುಳುತ್ತಿದ್ದವು. ಅತ್ತೆ ಏನೋ ಅಂದಳು, ಹುಚ್ಚಕ್ಕ ಅದಕ್ಕೆ ಇನ್ನೇನೋ ಅಂದಳು, ದುರುಗಕ್ಕ ಬಿದ್ದು ಬಿದ್ದು ನಕ್ಕಳು. ನಡುವೆ ಒಂದು ಗಂಡಸಿನ ಕೆಮ್ಮು ಕೇಳಿತು. ಬೀಡಿ ಸೇದುವವರ ಕೆಮ್ಮು.

"ಮಾವ, ನೀವೂ ಒಳಗಿದೀರಾ?"

ಕೆಮ್ಮು ನಿಂತಿತು.

ಬೇಲಿಯಾಚೆ ಹತ್ತು ಗಂಟೆಯ ಬಸ್ಸು ಬಂದು ನಿಂತಿತ್ತು. ತಲೆ ಮೇಲೆ ಹಬ್ಬಕ್ಕೆ ಊರಿಗೆ ಹೋಗುವ ಜನ ಕಿಕ್ಕಿರಿದಿದ್ದರು. ಬೇವಿನ ಸೊಪ್ಪಿನ ಕಟ್ಟುಗಳ ನಡುವಿನಿಂದ ಎಲ್ಲರೂ ಈ ಕಡೆಗೇ ನೋಡುತ್ತಿದ್ದರು. ಚಂದ್ರಕ್ಕ ಸೆರಗನ್ನು ತಲೆ ಮೇಲೆ ಎಳೆದುಕೊಳ್ಳಲಿಲ್ಲ. ಮುಖದ ಮೇಲಿನ ಸುಣ್ಣವನ್ನೂ ಒರೆಸಿಕೊಳ್ಳಲಿಲ್ಲ. ಹಲಗೆ ಬಾಗಿಲಿನ ಮೇಲೆ ಅಂಗೈಯಿಂದ ಬಡಿದು, ಬಸ್ಸಿನ ಕೊನೆಯ ಸೀಟಿನವರಿಗೂ ಕೇಳುವಂತೆ ಕೂಗಿದಳು:

"ಅತ್ತೆ, ಒಸಿ ಬಾಗ್ಲು ತೆಗೀರಿ."